ಹಜ್ಜಿನ ಲೋಟದ ಮೇಲಿನ ಅಕ್ಷರ

ಶುಕ್ರವಾರ. ಗಂಡಸರು ಜುಮಾ ನಮಾಝಿಗೆ ಹೋಗಿದ್ದರು. ನಾನು ಅಡುಗೆಮನೆಯ ಸಿಂಕಿನ ಮುಂದೆ ನಿಂತು ಬೂತಾಯಿ ಮೀನಿನ ತಲೆ ಮುರಿದು ಹೊಟ್ಟೆ ತೆಗೆಯುತ್ತಿದ್ದೆ. ದೋಹಾದ ನಜ್ಮಾ ಬಡಾವಣೆಯ ನಮ್ಮ ಹಳೆಯ ಕಟ್ಟಡದ ಅಡುಗೆಮನೆಗೆ ಕಿಟಕಿಯಿಲ್ಲ, ಗೋಡೆಯಲ್ಲಿ ಒಂದು ಫ್ಯಾನು ಮಾತ್ರ. ಮೀನು ತಂದ ದಿನ ಅದು ಎಷ್ಟು ತಿರುಗಿದರೂ ಸಾಲುವುದಿಲ್ಲ. ಎದುರು ಫ್ಲ್ಯಾಟಿನ ಹೆಂಗಸು ಮಾಮಿಯನ್ನು ನೋಡಲು ಬಂದು ಒಳಕೋಣೆಯಲ್ಲಿ ಕೂತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅವರು ಮಾಮಿಯ ಲೋಟ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಬಂದವರು ಬಾಗಿಲನ್ನು ಮೆಲ್ಲ ಹಿಂದಕ್ಕೆ ಎಳೆದುಕೊಂಡರು.

“ನೀರು ತುಂಬಿಸಿಕೊಂಡು ಬರ್ತೇನೆ ಅಂತ ಹೇಳಿ ತಂದೆ” ಅಂದರು. “ಉಖ್ತಿ, ತಂಗಿ, ಇದು ನಿಮಗೆ ಎಲ್ಲಿಂದ ಬಂತು?”

“ಹಜ್ಜಿನಿಂದ. ನನ್ನ ಮಾವ ತಂದದ್ದು.”

“ಅಲ್ಲ” ಅಂದರು ಅವರು. “ಇದು ಅರಬಿ ಅಕ್ಷರ ಅಲ್ಲ. ಯಹೂದಿಗಳದ್ದು. ಹೀಬ್ರೂ.”

ನಾನು ಮೀನು ಬಿಟ್ಟು ಕೈ ತೊಳೆದೆ.

ಮಾಮಿ ಅಂದರೆ ನನ್ನ ಗಂಡನ ತಾಯಿ. ಮಾವ ತೀರಿಕೊಂಡ ಮೇಲೆ ಇವರು, ಅಂದರೆ ನನ್ನ ಗಂಡ, ಅವರನ್ನು ಊರಿನಿಂದ ದೋಹಾಕ್ಕೆ ಕರೆತಂದರು. ಅಂದಿನಿಂದ ನಮ್ಮ ಮನೆಯ ದೊಡ್ಡ ಕೋಣೆ ಅವರದ್ದು. ಕೊನೆಗೆ ಅವರ ಲಿವರಿನಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದಾಗ ಅದು ಎಲ್ಲ ಕಡೆ ಹಬ್ಬಿಯಾಗಿತ್ತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದರು. ವಿಮಾನದಲ್ಲಿ ಊರಿಗೆ ಕರೆದೊಯ್ಯುವ ಸ್ಥಿತಿ ದಾಟಿತ್ತು. ಅನ್ನ ನಿಂತಿತ್ತು, ಗಂಜಿಯೂ ನಿಂತಿತ್ತು. “ಇವಳ ಗಂಜಿ ಕುಡಿದ್ರೆ ಆಸ್ಪತ್ರೆಯವರು ಹೇಳಿದ್ದಕ್ಕಿಂತ ಮೊದಲೇ ಹೋದೇನು” ಎಂದು ಮಾಮಿ ಎದುರು ಮನೆಯವರ ಮುಂದೆ ನನ್ನನ್ನು ಕುಟುಕುತ್ತಿದ್ದರು. ಆಗೆಲ್ಲ ನನಗೆ ಸಿಟ್ಟಿಗಿಂತ ಸಮಾಧಾನವೇ ಆಗುತ್ತಿತ್ತು, ಕುಟುಕುವಷ್ಟು ಶಕ್ತಿ ಇನ್ನೂ ಉಂಟಲ್ಲ ಎಂದು.

ಅವರ ಒಳಗೆ ಹೋಗುತ್ತಿದ್ದದ್ದು ಆ ಲೋಟದ ನೀರು ಮಾತ್ರ. ಅದರ ಜೊತೆಗೆ ನೋವಿನ ಮಾತ್ರೆ. ಸ್ಟೀಲಿನ ಗ್ಲಾಸಿನಲ್ಲಿ ಕೊಟ್ಟರೆ ತುಟಿ ಬಿಗಿ ಹಿಡಿಯುವರು. ಚಮಚದಲ್ಲಿ ಕೊಟ್ಟರೆ ಹೊರಗೆ ಬಿಡುವರು. ಲೋಟದಲ್ಲಿ ಕೊಟ್ಟರೆ ಬಿಸ್ಮಿ ಹೇಳಿ ಎರಡು ಗುಟುಕು ಕುಡಿದು, ಮಾತ್ರೆ ನುಂಗಿ, ಅಲ್‌ಹಮ್ದುಲಿಲ್ಲಾಹ್ ಎಂದು ಮಲಗುವರು. ಆ ಎರಡು ಗುಟುಕಿನಿಂದ ಅವರಿಗೂ ನಮಗೂ ಒಂದಿಷ್ಟು ನಿದ್ದೆ. ಅವರು ಬದುಕುವರೆಂಬ ಆಸೆ ನಮಗಿರಲಿಲ್ಲ. ನರಳದೆ ಹೋಗಲಿ ಎಂಬ ಆಸೆಯಿತ್ತು. ಆ ಆಸೆಯೆಲ್ಲ ಆ ಲೋಟದ ಮೇಲಿತ್ತು.

ಲೋಟವೆಂದರೆ ಕಾಲಿರುವ ಲೋಟ. ಗೇಣಿಗಿಂತ ಕಡಿಮೆ ಎತ್ತರ. ಹಿತ್ತಾಳೆಯದ್ದು, ಮೇಲಿನ ಬಿಳಿ ಲೇಪ ಅಲ್ಲಲ್ಲಿ ಹೋಗಿದೆ. ಬೆಳ್ಳಿಯದ್ದಾಗಿದ್ದರೆ ನಮ್ಮಲ್ಲಿ ಯಾರೂ ಅದಕ್ಕೆ ಬಾಯಿ ಇಡುತ್ತಿರಲಿಲ್ಲ, ಬೆಳ್ಳಿ ಪಾತ್ರೆಯಲ್ಲಿ ಕುಡಿಯುವುದು ನಮಗೆ ನಿಷಿದ್ಧ. ಹೊಟ್ಟೆಯ ಸುತ್ತ ಬಳ್ಳಿ, ಎಲೆ, ದ್ರಾಕ್ಷಿ ಗೊಂಚಲು. ಅಂಚಿನ ಕೆಳಗೆ ಸುತ್ತಲೂ ಚೌಕ ಚೌಕ ಅಕ್ಷರ. ಅಕ್ಷರಗಳ ಕೆಳಗೆ ಸಣ್ಣ ಚುಕ್ಕೆ, ಗೀಟು.

ಮಾವ ಹಡಗಿನಲ್ಲಿ ಹಜ್ಜಿಗೆ ಹೋಗಿ ಬಂದ ಕಾಲದಲ್ಲಿ, ಹಾಜಿಯ ಪೆಟ್ಟಿಗೆ ತೆರೆಯುವುದೆಂದರೆ ಊರಿಗೇ ಒಂದು ದಿನ. ಝಂಝಂ ನೀರಿನ ಡಬ್ಬಿ, ಖರ್ಜೂರ, ತಸ್ಬೀಹಿನ ಮಣಿಸರ, ಸತ್ತಾಗ ಹೊದಿಸಲು ಅಲ್ಲಿಯ ನೀರಿನಲ್ಲಿ ಅದ್ದಿ ಒಣಗಿಸಿದ ಕಫನ್ ಬಟ್ಟೆ. ಒಂದೊಂದನ್ನೂ ಹೆಂಗಸರು ಕಣ್ಣಿಗೆ ಒತ್ತಿಕೊಂಡು ಪಕ್ಕದವರಿಗೆ ಕೊಡುವುದು. ಪೆಟ್ಟಿಗೆಯ ಬೀಗದ ಕೈಗೂ ಮುದುಕಿಯರು ಮುತ್ತಿಡುವುದನ್ನು ನಾನೇ ಚಿಕ್ಕವಳಿದ್ದಾಗ ಬೇರೆ ಹಾಜಿಗಳ ಮನೆಯಲ್ಲಿ ನೋಡಿದ್ದೇನೆ. ಅಂಥ ಪೆಟ್ಟಿಗೆಯಿಂದ ಆ ಲೋಟ ಬಂದದ್ದು. ಹಾಗಾಗಿ ಅದು ಏನು, ಎಲ್ಲಿಯದ್ದು ಎಂದು ಯಾರೂ ಕೇಳಲಿಲ್ಲ. ಚುಕ್ಕೆ, ಗೀಟು ಖುರ್‌ಆನಿನ ಅಕ್ಷರಗಳ ಮೇಲೆ ಕೆಳಗೆ ಇರುವ ಹಾಗೇ ಕಂಡವು. ಓದಲು ಬರಲಿಲ್ಲ ಎಂದರೆ ಹಳೆಯ ಕಾಲದ ಅರಬಿ ಇರಬೇಕು ಅಂದುಕೊಂಡರು. ನಾವು ಅರಬಿ ಓದಲು ಕಲಿತವರು, ತಿಳಿಯಲು ಕಲಿತವರಲ್ಲ. ತಿಳಿಯದ್ದನ್ನು ಕಣ್ಣಿಗೊತ್ತಿಕೊಳ್ಳುವುದು ನಮಗೆ ಅಭ್ಯಾಸ. ಇಲ್ಲಿಗೆ ಬಂದ ಮೇಲೆ ಮಗಳು ಶಾಲೆಯಿಂದ ಮ್ಯೂಸಿಯಂಗೆ ಹೋದವಳು, ಅಲ್ಲಿ ಹಳೆಯ ಬೋಗುಣಿಗಳ ಮೇಲೆ ಹೀಗೇ ಚೌಕ ಅಕ್ಷರ ಇದೆ, ಯಾರಿಗೂ ಓದಲು ಬರುವುದಿಲ್ಲ ಎಂದು ಹೇಳಿದಳು. ಮಾಮಿ ನನ್ನ ಕಡೆ ನೋಡಿ, “ಕೇಳಿದಿಯಾ?” ಅಂದರು. ಅಲ್ಲಿಗೆ ಆ ವಿಷಯ ಖಲಾಸ್.

ಮಾಮಿ ಅದರಲ್ಲಿ ನೀರು ತುಂಬಿಸಿ, ಫಾತಿಹಾ ಓದಿ, ಊದಿ ಕುಡಿಯುವರು. ತುಟಿ ಅಕ್ಷರಕ್ಕೆ ತಾಗದ ಹಾಗೆ ಅಂಚಿನಲ್ಲಿ ಒಂದು ಜಾಗ ನೋಡಿಟ್ಟುಕೊಂಡಿದ್ದರು. ವುಝೂ ಮಾಡದೆ, ಅಂದರೆ ನಮಾಝಿಗೆ ಮಾಡುವ ಹಾಗೆ ಕೈಕಾಲು ಮುಖ ತೊಳೆಯದೆ, ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ನನ್ನ ಬಾಣಂತನದಲ್ಲಿ, ಮಗಳ ಜ್ವರದಲ್ಲಿ, ಇವರ ಕೆಲಸ ಹೋಗುತ್ತದೆ ಎಂದು ಹೆದರಿದ ದಿನಗಳಲ್ಲಿ, ಎಲ್ಲದಕ್ಕೂ ಅದೇ ನೀರು.

ಎದುರು ಮನೆಯವರು ಫಲಸ್ತೀನಿನವರು. ಗಾಜಾದಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. ಅವರ ಅಕ್ಕನ ಮನೆ ಅಲ್ಲಿತ್ತು. ಈಗ ಮನೆಯೂ ಇಲ್ಲ, ಅಕ್ಕನೂ ಇಲ್ಲ. ಅಕ್ಕನ ಹತ್ತಿರ ಕೂರಲು ಆಗದ್ದಕ್ಕೆ ನಿಮ್ಮ ಹಜ್ಜಾ ಹತ್ತಿರ ಕೂರುತ್ತೇನೆ ಎಂದು ಒಮ್ಮೆ ನನಗೆ ಹೇಳಿದ್ದರು; ಹಿರಿಯ ಹೆಂಗಸರನ್ನು ಅವರ ಕಡೆ ಮರ್ಯಾದೆಗೆ ಹಜ್ಜಾ ಎಂದು ಕರೆಯುವುದು. ನನ್ನದು ಅಂಗಡಿಯಲ್ಲಿ ಕಲಿತ ಅರಬಿ, ಅವರದ್ದು ಶಾಲೆಯಲ್ಲಿ ಕಲಿತ ಇಂಗ್ಲಿಷ್. ಎರಡನ್ನೂ ಕಲಸಿ, ಕೈ ತಿರುವಿ, ನಾವು ಮಾತಾಡುತ್ತೇವೆ. ಇಲ್ಲಿ ಕನ್ನಡದಲ್ಲಿ ಬರೆದಷ್ಟು ಸಲೀಸಾಗಿ ಆ ಮಾತು ನಡೆಯಲಿಲ್ಲ.

“ನಿಮಗೆ ಇದು ಹೇಗೆ ಗೊತ್ತು?” ಎಂದು ಕೇಳಿದೆ.

“ಗೊತ್ತಿಲ್ಲದೆ ಹೇಗೆ? ನಮ್ಮಲ್ಲಿ ಅಂಗಡಿಗೆ ಬರುವ ಹಾಲಿನ ಡಬ್ಬಿ, ಮಾತ್ರೆ, ಶಾಂಪೂ ಎಲ್ಲದರ ಮೇಲೆ ಇದೇ ಅಕ್ಷರ. ತಾರೀಕು ಮುಗಿದಿದೆಯಾ ಅಂತ ನೋಡ್ಲಿಕ್ಕಾದರೂ ಕಲೀಬೇಕಿತ್ತು. ನನ್ನ ಅಪ್ಪ ಗಡಿಯಾಚೆ ಗಾರೆ ಕೆಲಸಕ್ಕೆ ಹೋಗ್ತಿದ್ರು, ಆಗೆಲ್ಲ ಹೋಗ್ಲಿಕ್ಕೆ ಬಿಡ್ತಿದ್ರು. ಅವರೇ ಕಲಿಸಿದ್ದು.”

ಅಕ್ಷರಗಳ ಸಂದಿಯಲ್ಲಿ ವರ್ಷಗಳ ಕೊಳೆ ಕೂತಿತ್ತು. ಅಕ್ಷರದ ಮೇಲೆ ಉಜ್ಜಬಾರದು ಎಂದು ಮಾಮಿಯ ಕಟ್ಟಪ್ಪಣೆ. ಮೀನು ಸಾರಿಗೆ ನೆನೆಹಾಕಿದ ಹುಣಸೆಹಣ್ಣು ಪಕ್ಕದಲ್ಲೇ ಇತ್ತು. ಅವರು ಒಂದು ಚಿವುಟು ತೆಗೆದು ಹೆಬ್ಬೆರಳಿನಿಂದ ಅಂಚಿನ ಸುತ್ತ ಉಜ್ಜಿ ನಲ್ಲಿಯ ಕೆಳಗೆ ಹಿಡಿದರು. ಕಪ್ಪು ನೀರು ಹೋಯಿತು. ಅಕ್ಷರಗಳು ಎದ್ದು ಬಂದವು. ಲೋಟ ತಿರುಗಿಸುತ್ತ ಎಲ್ಲಿಂದ ಶುರು ಎಂದು ಹುಡುಕಿದರು. ಒಂದು ಸಣ್ಣ ಹೂವಿನ ಗುರುತು ಸಿಕ್ಕಿತು. ಅಲ್ಲಿಂದ ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಬೋ… ರೇ. ಪೆ… ರಿ. ಹ… ಗ…” ಅಲ್ಲಿ ಒಂದು ಅಕ್ಷರ ಸವೆದಿತ್ತು. ಬೆಳಕಿಗೆ ಹಿಡಿದರು, ಓರೆ ಮಾಡಿದರು. “ಹಗಾಫೆನ್ ಇರಬೇಕು. ಬೋರೇ ಅಂದರೆ ಸೃಷ್ಟಿಸಿದವನು, ನಾವು ಅಲ್ಲಾಹುವಿಗೆ ಅಲ್‌ಬಾರಿ ಅನ್ನುವ ಹಾಗೆ. ಉಳಿದದ್ದು ನನಗೆ ಗೊತ್ತಿಲ್ಲ. ಹಾಲಿನ ಡಬ್ಬಿ ಮೇಲೆ ಇದನ್ನು ಬರೀತಿರಲಿಲ್ಲ.”

ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಮಗಳನ್ನು ಕರೆದೆ. ಅವಳು ಫೋನಿನಲ್ಲಿ ಫೋಟೋ ತೆಗೆದಳು, ಏನೋ ಒತ್ತಿದಳು. ಇದೇ ಅಕ್ಷರ, ಇದೇ ದ್ರಾಕ್ಷಿ ಬಳ್ಳಿ ಇರುವ ಲೋಟಗಳು ಸಾಲು ಸಾಲಾಗಿ ಫೋನಿನಲ್ಲಿ ಬಂದವು.

“ಉಮ್ಮ, ಇದಕ್ಕೆ ಕಿದ್ದುಶ್ ಕಪ್ ಅಂತ ಹೇಳ್ತಾರೆ. ‘ದ್ರಾಕ್ಷಿ ಬಳ್ಳಿಯ ಫಲವನ್ನು ಸೃಷ್ಟಿಸಿದವನೇ’ ಅಂತ ಮೀನಿಂಗ್. ಅವರ ರಜೆಯ ದಿನ ಶುಕ್ರವಾರ ಸಂಜೆಗೇ ಸ್ಟಾರ್ಟ್ ಆಗೋದಂತೆ. ಮನೆಯವರೆಲ್ಲ ಊಟಕ್ಕೆ ಕೂತಾಗ ಇದರಲ್ಲಿ ವೈನ್ ಹಾಕಿ ದುಆ ಓದೋದು…” ಅವಳು ನಿಲ್ಲಿಸಿದಳು. ಆಮೇಲೆ ಅವಳಿಗೆ ನಗು ಬಂತು, ತಡೆಯಲು ಬಾಯಿಗೆ ಕೈ ಹಿಡಿದಳು. “ಸಾರಿ ಉಮ್ಮ. ಅಜ್ಜಿ ವೈನ್ ಕಪ್‌ಗೆ ವುಝೂ ಮಾಡಿಸ್ತಿದ್ರಲ್ವಾ ನಮಗೆ…”

“ಬಾಯಿ ಮುಚ್ಚು” ಅಂದೆ. ಅವಳಿಗೆ ನಗು ಬಂದದ್ದು ಹೆದರಿಕೆಗೆ ಎಂದು ನನಗೂ ಗೊತ್ತಿತ್ತು.

ಎದುರು ಮನೆಯವರು ಲೋಟವನ್ನು ತಲೆಕೆಳಗು ಮಾಡಿ ಕಾಲಿನ ಅಡಿಯನ್ನೂ ಹುಣಸೆಯಿಂದ ಉಜ್ಜಿದರು. ಅಲ್ಲಿ ಇನ್ನೊಂದು ಸಾಲು, ಸಣ್ಣದಾಗಿ, ಕೈಯಲ್ಲಿ ಕೊರೆದದ್ದು. ಅದನ್ನು ಅವರು ಬೇಗ ಓದಿದರು. “ನೆನಪಿಗೆ ಅಂತ ಇದೆ. ಆಮೇಲೆ ಒಂದು ಹೆಂಗಸಿನ ಹೆಸರು. ಸತ್ತವಳ ನೆನಪಿಗೆ ಯಾರೋ ಮಾಡಿಸಿದ್ದು.” ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳ ಮನೆಯವರು ಯಾರಾದರೂ ಎಲ್ಲಾದರೂ ಇದ್ದಾರು.

“ಇದನ್ನು ಬಿಸಾಡು ಅಂತ ನಾನು ಹೇಳುದಿಲ್ಲ, ಇಟ್ಟುಕೋ ಅಂತಲೂ ಹೇಳುದಿಲ್ಲ. ಅಷ್ಟು ಜ್ಞಾನ ನನಗಿಲ್ಲ” ಅಂದರು ಅವರು. “ಹಜ್ಜಾ ಕೈಯಲ್ಲಿ ಈ ಅಕ್ಷರ ನೋಡಿ ನನಗೆ ಕೂರ್ಲಿಕ್ಕೆ ಆಗ್ಲಿಲ್ಲ, ಅದಕ್ಕೆ ಎದ್ದು ಬಂದೆ. ಹೇಳಿದ್ದು ತಪ್ಪಾಯ್ತಾ?”

ತಪ್ಪಿಲ್ಲ ಎಂದೆ. ಅವರು ನೀರು ತುಂಬಿಸಿದ ಲೋಟವನ್ನು ಮಾಮಿಯ ತಲೆದಿಂಬಿನ ಬದಿಗೆ ಇಟ್ಟು ತಮ್ಮ ಮನೆಗೆ ಹೋದರು.

ಇವರು ನಮಾಝ್ ಮುಗಿಸಿ ಬಂದರು. ಇಂಡಸ್ಟ್ರಿಯಲ್ ಏರಿಯಾದ ಒಂದು ಗೋಡೌನಿನಲ್ಲಿ ಇವರಿಗೆ ಸ್ಟೋರ್‌ಕೀಪರ್ ಕೆಲಸ. ವಾರದಲ್ಲಿ ಹಗಲು ಹೊತ್ತು ಮನೆಯಲ್ಲಿ ಸಿಗುವುದು ಶುಕ್ರವಾರ ಮಾತ್ರ. ಊಟಕ್ಕೆ ಬಡಿಸುತ್ತ ಎಲ್ಲ ಹೇಳಿದೆ.

“ಉಪ್ಪ ಅದು ಮಕ್ಕಾದ್ದು ಅಂತ ಹೇಳಿದ್ದು ನಾನು ಒಂದು ದಿನವೂ ಕೇಳ್ಲಿಲ್ಲ” ಅಂದರು ತಮ್ಮ ತಂದೆಯ ಬಗ್ಗೆ. “ಹೇಳ್ತಿದ್ದದ್ದು ಉಮ್ಮನೇ. ಉಪ್ಪ ವಾಪಸ್ ಬರುವಾಗ ಬೊಂಬಾಯಿಯಲ್ಲಿ ಹಡಗು ಇಳಿದು ಮುಸಾಫಿರ್‌ಖಾನೆಯಲ್ಲಿ ಉಳ್ಕೊಂಡಿದ್ರು. ಅಲ್ಲಿಯ ಹಳೆ ಸಾಮಾನಿನ ಬಜಾರಿನಲ್ಲಿ ತೆಗೆದಿರ್ಬೇಕು. ನನಗೆಂತ ಗೊತ್ತು, ನಾನು ಹುಟ್ಟಿರ್ಲಿಲ್ಲ.”

“ಮಾಮಿಗೆ ಹೇಳುದಾ?”

“ಎಂತಕ್ಕೆ? ಕುಡೀಲಿ ಮಾರಾಯ್ತಿ. ಇನ್ನೆಷ್ಟು ದಿನ.”

ನನಗೆ ಮನಸ್ಸು ಒಪ್ಪಲಿಲ್ಲ. ಊರಿನ ಉಸ್ತಾದರಿಗೆ ಫೋನ್ ಮಾಡಿದೆ, ಮಗಳಿಗೆ ಖುರ್‌ಆನ್ ಹೇಳಿಕೊಟ್ಟವರು. ಅವರು ನಿಧಾನವಾಗಿ ಕೇಳಿಸಿಕೊಂಡರು. “ತೊಳೆದ ಪಾತ್ರೆ ಪಾಕ್, ಶುದ್ಧವೇ, ತಂಗಿ. ಮೊದಲು ಅದರಲ್ಲಿ ಎಂತ ಇತ್ತು ಅಂತ ತಲೆಬಿಸಿ ಬೇಡ. ಗುಣ ಕೊಡುದು ಲೋಟ ಅಲ್ಲ, ಅಲ್ಲಾಹು. ಅವರು ಕೇಳದಿದ್ರೆ ನೀವು ಹೇಳ್ಲಿಕ್ಕೆ ಹೋಗ್ಬೇಡಿ. ಕೇಳಿದ್ರೆ ಸುಳ್ಳು ಮಾತ್ರ ಹೇಳ್ಬೇಡಿ.”

ಎಷ್ಟು ಸುಲಭ ಮಾಡಿಕೊಟ್ಟರು ಅನ್ನಿಸಿತು. ಮಾಮಿ ಯಾಕೆ ಕೇಳುತ್ತಾರೆ? ಎದೆಯ ಮೇಲಿನ ಭಾರ ಇಳಿದ ಹಾಗಾಗಿ ಪಾತ್ರೆ ತೊಳೆದಿಟ್ಟೆ.

ಇಳಿಹೊತ್ತಿನ ಅಸರ್ ನಮಾಝಿನ ಬಾಂಗ್ ಆಯಿತು. ಮಾತ್ರೆಯ ಹೊತ್ತು. ಕೋಣೆಗೆ ಹೋಗಿ, ಹಳೆಯ ನೀರನ್ನು ಬೋಗುಣಿಗೆ ಚೆಲ್ಲಿ, ಮಂಚದ ಬದಿಯ ಬಾಟಲಿಯಿಂದ ಹೊಸ ನೀರು ತುಂಬಿಸಿ, ಮಾತ್ರೆ ಬಿಡಿಸಿ, ಮಾಮಿಯ ಕುತ್ತಿಗೆಯ ಕೆಳಗೆ ಕೈ ಕೊಟ್ಟೆ.

“ನಿಲ್ಲು” ಅಂದರು ಮಾಮಿ. “ನಲ್ಲಿಯ ಸದ್ದು ಕೇಳ್ಲಿಲ್ಲ.”

“ಎಂತ ಮಾಮಿ?”

“ವುಝೂ ಮಾಡದೆ ಇದನ್ನು ಮುಟ್ಟಿದ್ದಿ. ನೀನು ಸೊಸೆಯಾಗಿ ಬಂದ ದಿನದಿಂದ ಒಮ್ಮೆಯೂ ಹಾಗೆ ಮಾಡಿದವಳಲ್ಲ. ಸಾರಿಗೆ ಉಪ್ಪು ಮರೀತಿ, ಇದು ಮರೀಲಿಲ್ಲ. ಎಂತ ಆಯ್ತು?”

“ಮೀನಿನ ಗಡಿಬಿಡಿಯಲ್ಲಿ…”

“ಮೀನು ಪ್ರತಿ ಶುಕ್ರವಾರ ಉಂಟು. ಎದುರು ಮನೆಯವಳು ಲೋಟ ತೆಕ್ಕೊಂಡು ಹೋದಳು, ವಾಪಸ್ ಬರುವಾಗ ಅದು ಫಳಫಳ ಹೊಳೀತಿತ್ತು. ನಾನು ಸಾಯ್ಲಿಕ್ಕಾದವಳು ಹೌದು, ಕುರುಡಿ ಅಲ್ಲ. ಹೇಳು.”

ಕೇಳಿದರೆ ಸುಳ್ಳು ಹೇಳಬಾರದು. ಹೇಳಿದೆ. ಅಕ್ಷರ ಯಾರದ್ದು, ಏನೆಂದು ಬರೆದಿದೆ, ಅವರು ಅದರಲ್ಲಿ ಏನು ಹಾಕಿ ಕುಡಿಯುತ್ತಾರೆ, ಅಡಿಯಲ್ಲಿ ಯಾರ ಹೆಸರಿದೆ, ಎಲ್ಲ. ನಡುನಡುವೆ ಉಸ್ತಾದರು ಪಾಕ್ ಅಂದಿದ್ದಾರೆ ಮಾಮಿ, ಪಾಕ್ ಅಂದಿದ್ದಾರೆ ಎಂದು ಹೇಳುತ್ತಲೇ ಇದ್ದೆ.

ಮಾಮಿ ಮೊದಲು ನಕ್ಕರು. ಹೊಟ್ಟೆ ಅಲುಗಿ ನೋವಾಗಿ ಮುಖ ಕಿವಿಚಿದರು. “ನಿನ್ನ ಮಾವ! ಏನು ಕಳ್ಳ ಮನುಷ್ಯ.” ಆಮೇಲೆ ಲೋಟ ಕೈಗೆ ತೆಗೆದುಕೊಂಡು ಬೆರಳಿನಿಂದ ಅಕ್ಷರ ತಡವಿದರು. ಯಾವತ್ತೂ ಅವರು ಅಕ್ಷರ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

“ಅವರು ಸುಳ್ಳು ಹೇಳ್ಲಿಲ್ಲ” ಅಂದರು. “ಹಜ್ಜಿಗೆ ಹೋಗುವ ಮೊದಲು ನನಗೆ ಹುಟ್ಟಿದ್ದೆಲ್ಲ ಹೋಗ್ತಿತ್ತು. ಅಲ್ಲಿ ಕಅಬಾದ ಎದುರು ನಿಂತು ಕೇಳ್ತೇನೆ ಅಂತ ಹೋಗಿದ್ರು. ವಾಪಸ್ ಬಂದು ಪೆಟ್ಟಿಗೆ ತೆರೆದ್ರು. ನಾನೇ ಇದನ್ನು ತೆಗೆದು, ಇದು ನನಗಾ ಅಂತ ಕೇಳಿದೆ. ಹೂಂ ಅಂದ್ರು. ಅಷ್ಟೇ. ಮಕ್ಕಾ, ಮದೀನ ಎಲ್ಲ ನಾನು ಸೇರಿಸಿದ್ದು. ಆಮೇಲೆ ನಿನ್ನ ಗಂಡ ಹುಟ್ಟಿದ, ಬದುಕಿದ. ಮತ್ತೆ ಯಾರು ಕೇಳ್ತಾರೆ?”

“ಅದೇ ಮಾಮಿ. ಕೊಟ್ಟದ್ದು ಅಲ್ಲಾಹು. ಲೋಟ ಯಾರದ್ದಾದ್ರೆ ಎಂತ?” ನಾನು ಮಾತ್ರೆಯನ್ನು ಅಂಗೈಯಲ್ಲಿ ಮುಂದೆ ಹಿಡಿದೆ.

ಅವರು ಮಾತ್ರೆ ನೋಡಲಿಲ್ಲ. “ಊರಲ್ಲಿ ನಮ್ಮ ಕೆಳಗಿನ ಮನೆಯ ಹುಡುಗಿ ಗೊತ್ತುಂಟಾ ನಿನಗೆ?” ಎಂದು ಕೇಳಿದರು.

ಕೇಳಿದ್ದೆ. ನಾನು ಮದುವೆಯಾಗಿ ಬರುವ ಎಷ್ಟೋ ಮೊದಲು ಹೆರಿಗೆಯಲ್ಲಿ ತೀರಿಕೊಂಡವಳು ಎಂದಷ್ಟೇ ಗೊತ್ತು.

“ಅವಳನ್ನು ಮಂಗಳೂರಿಗೆ ಕರ್ಕೊಂಡು ಹೋಗ್ಲಿಕ್ಕೆ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದ್ರು. ಅವಳ ಉಮ್ಮ ಓಡಿಕೊಂಡು ನನ್ನ ಹತ್ರ ಬಂದಳು, ಲೋಟದ ನೀರು ಕೊಡಿ ಅಂತ. ಊರಿನ ಹೆಂಗಸರೆಲ್ಲ ಬರ್ತಿದ್ರು ಹಾಗೆ. ನಾನೇ ಲೋಟ ಹಿಡ್ಕೊಂಡು ಹೋದೆ. ಹೋಗಿ ಎಂತ ಹೇಳಿದೆ ಗೊತ್ತುಂಟಾ? ಇದು ಮದೀನದಲ್ಲಿ ಇದ್ದ ಲೋಟ, ಇದ್ರಲ್ಲಿ ಕುಡಿದವಳಿಗೆ ಎಂತದೂ ಆಗುದಿಲ್ಲ, ಈ ಹೊತ್ತಲ್ಲಿ ಹುಡುಗಿಯನ್ನು ಜೀಪಿನಲ್ಲಿ ಕುಲುಕಿಸ್ಬೇಡಿ, ಬೆಳಗಾಗ್ಲಿ ಅಂದೆ. ನನ್ನ ಮಾತಿಗೆ ಬೆಲೆ ಇತ್ತು. ಜೀಪು ವಾಪಸ್ ಹೋಯ್ತು.”

“ಅದು ವಿಧಿ ಮಾಮಿ. ಆಯುಸ್ಸು ಅಷ್ಟೇ ಇತ್ತು.”

“ನಾನೂ ಹಾಗೇ ಹೇಳ್ಕೊಂಡೆ. ಲೋಟದ್ದು ತಪ್ಪಲ್ಲ, ಅವಳ ಆಯುಸ್ಸೇ ಅಷ್ಟು ಅಂತ. ಇಷ್ಟು ವರ್ಷ ಹೇಳ್ಕೊಂಡೆ. ವಿಧಿ ಅವನದ್ದೇ, ಹೌದು. ಜೀಪು ವಾಪಸ್ ಕಳಿಸಿದ್ದು ನಾನು.”

ಲೋಟವನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಮುಖ ತಿರುಗಿಸಿದರು. ಮಾತ್ರೆ ನನ್ನ ಅಂಗೈಯಲ್ಲಿ ಬೆವರಿಗೆ ಅಂಟಿಕೊಂಡಿತ್ತು.

ಆ ಸಂಜೆ ಅವರು ಕುಡಿಯಲಿಲ್ಲ. ಲೋಟದಲ್ಲಿ ಬೇಡ ಎಂದಾದರೆ ಗ್ಲಾಸಿನಲ್ಲಿ ಕುಡಿಯಲಿ ಎಂದು ಸ್ಟೀಲಿನ ಗ್ಲಾಸು ತಂದೆ, ಬೇಡ. ಮಗಳು ಸ್ಟ್ರಾ ಇರುವ ತನ್ನ ಬಾಟಲಿ ತಂದಳು, ಬೇಡ. ಇವರು ಮಂಚದ ಕೆಳಗೆ ಮಂಡಿಯೂರಿ ಕೂತು, “ಉಮ್ಮ, ನನ್ನ ಕೈಯಿಂದ ಒಂದು ಗುಟುಕು” ಎಂದು ಅತ್ತರು. ಈ ಮನುಷ್ಯ ಅಳುವುದನ್ನು ನಾನು ಅವರ ಉಪ್ಪ ತೀರಿಕೊಂಡಾಗಲೂ ನೋಡಿರಲಿಲ್ಲ. ಮಾಮಿ ಮಗನ ತಲೆಯ ಮೇಲೆ ಕೈ ಇಟ್ಟರು, ಬಾಯಿ ತೆರೆಯಲಿಲ್ಲ.

“ಬಾಯಿ ಒಣಗಿದೆ ಮಾಮಿ” ಎಂದೆ.

“ಒಣಗಲಿ. ಅವಳದ್ದೂ ಒಣಗಿತ್ತು.”

ಮರುದಿನ ಎದುರು ಮನೆಯವರು ವಿಷಯ ಕೇಳಿ ಓಡಿ ಬಂದರು. ಬಾಗಿಲಲ್ಲೇ ನಿಂತು, ನನ್ನಿಂದಾಯ್ತು, ನನ್ನ ನಾಲಗೆ ಸುಟ್ಟುಹೋಗಲಿ ಎಂದು ಕೆನ್ನೆ ಬಡಿದುಕೊಂಡರು. ಮಾಮಿ ಅವರಿಗೆ ಹತ್ತಿರ ಬರಲು ಸನ್ನೆ ಮಾಡಿದರು. ಲೋಟ ತರಲು ನನಗೆ ಹೇಳಿದರು.

“ಅದ್ರಲ್ಲಿ ಬರೆದದ್ದನ್ನು ಅವಳು ಓದಲಿ. ಹೇಗುಂಟೋ ಹಾಗೆ. ಇಷ್ಟು ವರ್ಷ ಬಾಯಿ ಹತ್ರ ಇಟ್ಕೊಂಡೆ, ಒಮ್ಮೆ ಕಿವಿಗೂ ಕೇಳಲಿ.”

ಅದನ್ನು ನಾನು ಎದುರು ಮನೆಯವರಿಗೆ ತಿಳಿಸಿದೆ. ಆ ಅಕ್ಷರಗಳನ್ನು ತಮ್ಮ ಬಾಯಿಂದ ಜೋರಾಗಿ ಹೇಳುವುದು ಅವರಿಗೆ ಎಷ್ಟು ಕಷ್ಟವಾಯಿತೋ ನನಗೆ ಗೊತ್ತಿಲ್ಲ. ಅವರ ಅಕ್ಕನ ಮನೆಯ ಮೇಲೆ ಬಿದ್ದದ್ದು ಯಾವ ನಾಡಿನಿಂದ ಬಂತೋ ಅದೇ ನಾಡಿನ ಅಕ್ಷರ. ಆದರೆ ಓದಿದರು. ಮೂರೇ ಪದ. ಮಗುವಿಗೆ ಓದಿ ಹೇಳಿದ ಹಾಗೆ, ನಿಧಾನವಾಗಿ. ಅಡಿಯಲ್ಲಿದ್ದ ಹೆಂಗಸಿನ ಹೆಸರನ್ನೂ ಓದಿದರು.

“ಸೃಷ್ಟಿಸಿದವನ ಹೆಸರಾ?” ಎಂದು ಮಾಮಿ ಕೇಳಿದರು.

“ಹೌದು ಮಾಮಿ. ಅವನದ್ದೇ” ಎಂದೆ ನಾನು. ಇಲ್ಲಾದರೂ ಒಂದು ಸಮಾಧಾನ ಸಿಕ್ಕೀತು ಎಂದು ನನ್ನ ಆಸೆ. “ಅವರೂ ಅವನನ್ನೇ ಕರೆದದ್ದು. ನೀವು ವುಝೂ ಮಾಡಿ ಮುಟ್ಟಿದ್ದು ವ್ಯರ್ಥ ಆಗ್ಲಿಲ್ಲ.”



“ಹಾಗಾದ್ರೆ ಲೋಟ ಸತ್ಯವೇ ಹೇಳ್ತಿತ್ತು” ಅಂದರು ಮಾಮಿ. “ಸುಳ್ಳು ಹೇಳಿದ್ದು ನಾನೊಬ್ಬಳೇ.”

ಎದುರು ಮನೆಯವರಿಗೆ ಅದನ್ನು ಅರಬಿಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಅವರು ಕೇಳಲೂ ಇಲ್ಲ. ಮಾಮಿಯ ಕೈ ಹಿಡಿದು ಕೂತರು. ಇಬ್ಬರೂ ತಮ್ಮ ತಮ್ಮ ಸತ್ತವರನ್ನು ನೆನೆದುಕೊಂಡು ಕೂತ ಹಾಗೆ ನನಗೆ ಕಂಡಿತು.

ನನಗೆ ಲೆಕ್ಕ ಇಡುವ ಅಭ್ಯಾಸ, ಅಲ್ಲಾಹು ಕೊಟ್ಟ ಸಣ್ಣ ಸಣ್ಣ ಕರುಣೆಗಳ ಲೆಕ್ಕ. ಆ ಮೇಲಿನ ದಿನಗಳಲ್ಲಿ ಅದನ್ನೂ ಕಷ್ಟಪಟ್ಟು ಹುಡುಕಬೇಕಾಯಿತು. ಮಾತ್ರೆ ನುಂಗುವುದಿಲ್ಲ ಎಂದಾಗ ಆಸ್ಪತ್ರೆಯಿಂದ ಬಂದ ಮಲಯಾಳಿ ನರ್ಸ್ ಭುಜಕ್ಕೆ ಅಂಟಿಸುವ ನೋವಿನ ಪಟ್ಟಿ ಹಾಕಿ ಹೋದಳು. ಅದನ್ನು ಮಾಮಿ ಕಿತ್ತು ಹಾಕಲಿಲ್ಲ. ಹತ್ತಿಯನ್ನು ನೀರಿಗದ್ದಿ ತುಟಿಗೆ ಸವರಿದರೆ ಮುಖ ತಿರುಗಿಸಲಿಲ್ಲ, ನುಂಗಲೂ ಇಲ್ಲ. ಏಸಿ ಒಂದು ದಿನವೂ ಕೆಡಲಿಲ್ಲ. ಇವರಿಗೆ ಮೇಲಿನವರು ರಜೆ ಕೊಟ್ಟರು. ನಾಲಗೆ ಇನ್ನೂ ಆಡುತ್ತಿದ್ದಾಗಲೇ ಮಾಮಿ ಪಶ್ಚಾತ್ತಾಪಪಟ್ಟು ಅಲ್ಲಾಹುವಿನಲ್ಲಿ ತೌಬಾ ಕೇಳಿದರು, ಆ ಹುಡುಗಿಯ ಹೆಸರು ಹೇಳಿ ಹೇಳಿ ಕೇಳಿದರು. ಆ ತೌಬಾವನ್ನು ಅವನು ಸ್ವೀಕರಿಸಿದನು ಎಂದು ನಾನು ನಂಬುತ್ತೇನೆ. ಮಾಮಿ ನಂಬಿದರೆಂದು ಹೇಳಲಾರೆ. ಅವರ ಮುಖದಲ್ಲಿ ಅದು ಕಾಣಲಿಲ್ಲ. “ಅವಳ ಉಮ್ಮ ಬದುಕಿದ್ದಾಳಾ, ಕೇಳಿ ನೋಡು” ಅಂದರು. ಇವರು ಊರಿಗೆ ಫೋನ್ ಮಾಡಿದರು. ಆ ತಾಯಿ ಹೋಗಿ ಬಹಳ ವರ್ಷವಾಗಿತ್ತು. ಆ ಮನೆಯವರು ಜಾಗ ಮಾರಿ ಎಲ್ಲಿಗೋ ಹೋಗಿದ್ದರು. ಕ್ಷಮೆ ಕೇಳಲು ಯಾರೂ ಉಳಿದಿರಲಿಲ್ಲ. ಅದನ್ನು ಮಾಮಿಗೆ ಹೇಳಿದೆ. ಹೂಂ ಅಂದರು.

ಲೋಟವನ್ನು ಅದರವರಿಗೇ ಕೊಡಿ ಎಂದರು ಒಮ್ಮೆ. ಯಾರಿಗೆ ಕೊಡುವುದು? ಮಗಳು ಫೋನಿನಲ್ಲಿ ಆ ಹೆಂಗಸಿನ ಹೆಸರು ಹುಡುಕಿದಳು. ಆ ಹೆಸರಿನವರು ಲೋಕದ ತುಂಬ ಇದ್ದಾರೆ. ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ನೀರು ಹಾಕುವುದಿಲ್ಲ, ಬಿಸಾಡಲೂ ಮನಸ್ಸು ಬರುವುದಿಲ್ಲ.

ಕೊನೆಯ ದಿನ ಮಧ್ಯಾಹ್ನ ನರ್ಸ್ ಮಾಮಿಯ ನಾಡಿ ಹಿಡಿದು ನೋಡಿ, ಕಾಲು ಮುಟ್ಟಿ ನೋಡಿ, “ಚೇಚಿ, ಇನ್ನು ಯಾರಾದ್ರೂ ಬರುವವರು ಇದ್ರೆ ಹೇಳಿಬಿಡಿ” ಅಂದಳು. ಇವರು ಮಂಚದ ಬದಿಯಲ್ಲಿ ಕೂತು, ಕೊನೆಯ ಹೊತ್ತಿಗೆ ಹೇಳಿಸುವ ಕಲಿಮಾ ಹೇಳಿಕೊಡುತ್ತಿದ್ದರು. ಮಾಮಿಯ ತುಟಿ ಅಲುಗುತ್ತಿತ್ತು. ಕಲಿಮಾಕ್ಕೋ, ಆ ಹುಡುಗಿಯ ಹೆಸರಿಗೋ ನನಗೆ ತಿಳಿಯಲಿಲ್ಲ. ಹತ್ತಿ ಅದ್ದಿ ಮತ್ತೊಮ್ಮೆ ಸವರಿದೆ. ನೀರು ತುಟಿಯ ಬದಿಯಿಂದ ಇಳಿದು ದಿಂಬಿಗೆ ಹೋಯಿತು.

ಹೊರಗಿನ ಕೋಣೆಗೆ ಬಂದೆ. ಜನ ಬಂದರೆ ಕೂರಿಸಲು ನೆಲಕ್ಕೆ ಹಾಸಬೇಕು. ನಮ್ಮಲ್ಲಿದ್ದ ಬಿಳಿ ಚಾದರಗಳು ಮಡಚಿಟ್ಟಲ್ಲೇ ಹಳದಿಯಾಗಿದ್ದವು. ಎಲ್ಲವನ್ನೂ ಕೊಡವಿ, ಬಾತ್‌ರೂಮಿನಲ್ಲಿದ್ದ ವಾಷಿಂಗ್ ಮೆಷಿನ್‌ಗೆ ತುಂಬಿ, ಸೋಪಿನ ಪುಡಿ ಹಾಕಿ, ಬಾಗಿಲು ಒತ್ತಿ ಮುಚ್ಚಿದೆ.